ಹೆಬ್ಬಾಳದ ನೆಲಗಪ್ಪೆಯೂ ಅದರ ಬಂಧುಬಳಗವೂ

ಬೆಂಗಳೂರಿನಿಂದ ಯಲಹಂಕದ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಹೆಬ್ಬಾಳದ ಕೆರೆಯಿದೆ. ಅದರ ಪಕ್ಕದಲ್ಲಿ ಇಂದು ಮೇಲುಸೇತುವೆಗಳು ಎದ್ದಿವೆ. ಹಗಲಿರುಳೆನ್ನದೆ ವಾಹನಗಳು ಹರಿದಾಡುತ್ತವೆ. ಆದರೂ ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ರಾತ್ರಿ, ವಾಹನಗಳ ಸದ್ದು ತುಸು ತಗ್ಗಿದಾಗ, ಕೆರೆಯಂಚಿನ ಜೊಂಡಿನ ಕಡೆಯಿಂದ ಎಡೆಬಿಡದ ಒಂದು ಗುಟುರು ಕೇಳಿಬರುತ್ತದೆ. ಬೀದಿದೀಪದ ಕೆಳಗೆ ಉದುರಿದ ಈಸಲು ಹುಳುಗಳನ್ನು ಹುಡುಕಿಕೊಂಡು ಮುಷ್ಟಿಗಾತ್ರದ ಒಂದು ಪ್ರಾಣಿ ಕುಪ್ಪಳಿಸುತ್ತಾ ಬರುತ್ತದೆ. ಅದರ ಮೈ ಮಣ್ಣಿನ ಬಣ್ಣದ್ದು. ಬೆನ್ನು ತುಂಬ ಗಂಟುಗಳು. ಪ್ರತಿಯೊಂದು ಗಂಟಿನ ತುದಿಯಲ್ಲಿಯೂ ಕಪ್ಪು ಚುಕ್ಕೆ. ಕಣ್ಣಿನ ಮೇಲೆ ಕಾಡಿಗೆ ತೀಡಿದಂತೆ ಕಪ್ಪಾದ ಏಣು. ಕಿವಿಯ ಹಿಂದೆ ಹುರುಳಿಕಾಳನ್ನು ಬಲು ದೊಡ್ಡದು ಮಾಡಿ ಅಂಟಿಸಿದಂತೆ ಎರಡು ಉಬ್ಬುಗಳು. ಇದೇ ನಮ್ಮ ನೆಲಗಪ್ಪೆ.

ಹೆಬ್ಬಾಳಕ್ಕೂ ಈ ಪ್ರಾಣಿಗೂ ಹಳೆಯ ನಂಟು. ೧೮೯೯ರಲ್ಲಿ ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಇಲ್ಲಿ ಮೂವತ್ತು ಎಕರೆ ಭೂಮಿಯನ್ನು ಕೊಟ್ಟು ವ್ಯವಸಾಯದ ಪ್ರಯೋಗಕ್ಷೇತ್ರಕ್ಕೆ ನಾಂದಿ ಹಾಡಿದರು. ಲೇಮನ್ ಎಂಬ ವಿಜ್ಞಾನಿ ಮಣ್ಣು ಮತ್ತು ಬೆಳೆಗಳ ಮೇಲೆ ಪ್ರಯೋಗಗಳನ್ನು ಆರಂಭಿಸಿದರು. ೧೯೬೪ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯದ ಬೇರುಗಳು ಆ ಹೊಲದಲ್ಲಿವೆ. ಬೆಳೆಗೆ ಬೀಳುವ ಹುಳುಹುಪ್ಪಟೆ, ಗೆದ್ದಲು, ಇರುವೆ, ದುಂಬಿಗಳನ್ನು ರಾತ್ರಿಯೆಲ್ಲ ತಿನ್ನುವ ನೆಲಗಪ್ಪೆಯನ್ನು ಆ ಹೊಲದ ಸಂಬಳವಿಲ್ಲದ ಕಾವಲುಗಾರ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಹೀಗಿದ್ದೂ ಜನರಿಗೆ ಅದರ ಮೇಲೆ ಪ್ರೀತಿ ಕಡಿಮೆ. ಅದನ್ನು ಮುಟ್ಟಿದರೆ ಕೈಗೆ ನರುಲಿಗಳೇಳುತ್ತವೆ ಎಂಬ ನಂಬಿಕೆ ಇಂದಿಗೂ ಇದೆ. ನರುಲಿ ಬರುವುದು ಒಂದು ಬಗೆಯ ವೈರಾಣುವಿನಿಂದ; ಕಪ್ಪೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಿವಿಯ ಹಿಂದಿನ ಉಬ್ಬುಗಳು ವಿಷಗ್ರಂಥಿಗಳೆಂಬುದು ನಿಜ. ನಾಯಿಯೊಂದು ಬಾಯಿ ಹಾಕಿದರೆ ಆ ಗ್ರಂಥಿಗಳಿಂದ ಹಾಲಿನಂತಹ ರಸ ಒಸರುತ್ತದೆ. ನಾಯಿ ಜೊಲ್ಲು ಸುರಿಸುತ್ತಾ ಹಿಂಜರಿಯುತ್ತದೆ. ಮುಟ್ಟಿದ ಮೇಲೆ ಕೈಯನ್ನು ಕಣ್ಣಿಗೆ ಒಯ್ಯದೆ ತೊಳೆದುಕೊಂಡರೆ ಮನುಷ್ಯರಿಗೆ ಅದರಿಂದ ಅಪಾಯವಿಲ್ಲ.

ಕನ್ನಡದಲ್ಲಿ ಕಪ್ಪೆ ಎಂಬ ಒಂದೇ ಮಾತು ನೀರಿನಲ್ಲಿ ಈಜುವ, ಮರದಲ್ಲಿ ಅಂಟಿಕೊಳ್ಳುವ, ನೆಲದಲ್ಲಿ ಕುಪ್ಪಳಿಸುವ ಎಲ್ಲವಕ್ಕೂ ಸಲ್ಲುತ್ತದೆ. ಶಾಸ್ತ್ರಜ್ಞರಿಗೆ ಅಷ್ಟು ಸಾಲದು. ಬಾಲವಿಲ್ಲದ ಉಭಯವಾಸಿಗಳಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಅವುಗಳಲ್ಲಿ ಸುಮಾರು ಆರುನೂರು ಪ್ರಭೇದಗಳು ನೆಲಗಪ್ಪೆಗಳ ಕುಟುಂಬಕ್ಕೆ ಸೇರುತ್ತವೆ. ಈ ಕುಟುಂಬದವುಗಳಿಗೆ ಬಾಯಲ್ಲಿ ಒಂದು ಹಲ್ಲೂ ಇರುವುದಿಲ್ಲ. ಬಹುತೇಕ ಗಂಡುಗಳ ಒಡಲಿನಲ್ಲಿ ಅಂಡಾಶಯದ ಕುರುಹಿನಂತಹ ಒಂದು ಪುಟ್ಟ ಅಂಗವಿರುತ್ತದೆ. ಅದಕ್ಕೆ ಬಿಡ್ಡರನ ಅಂಗವೆಂದು ಹೆಸರು. ನಮ್ಮ ನೆಲಗಪ್ಪೆ ಮೊಟ್ಟೆಗಳನ್ನು ಮುದ್ದೆಯಾಗಿ ಇಡುವುದಿಲ್ಲ. ಲೋಳೆಯ ಉದ್ದನೆಯ ಸರಗಳಲ್ಲಿ, ಕರಿಮಣಿಗಳನ್ನು ಪೋಣಿಸಿದಂತೆ, ಸಾವಿರಾರು ಮೊಟ್ಟೆಗಳನ್ನು ನೀರಿನೊಳಗಿನ ಕಸಕಡ್ಡಿಗಳಿಗೆ ಸುತ್ತಿ ಹೋಗುತ್ತದೆ. ಕೆಲವೇ ದಿನಗಳಲ್ಲಿ ಕಪ್ಪು ಗೊದಮೊಟ್ಟೆಗಳು ಗುಂಪುಗುಂಪಾಗಿ ಕೆರೆಯ ಅಂಚಿನಲ್ಲಿ ತೇಲಾಡುವುದನ್ನು ನೀವು ನೋಡಿರಬಹುದು.

ಕೂಡಿಸಿದರೂ ಒಂದೆಡೆ ನಿಲ್ಲದವರನ್ನು ಕುರಿತು, ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ ಎಂದು ನಮ್ಮವರು ಹೇಳುವುದುಂಟು. ಒಂದನ್ನು ತಟ್ಟೆಗೆ ಹಾಕುವಷ್ಟರಲ್ಲಿ ಇನ್ನೊಂದು ಹಾರಿಹೋಗಿರುತ್ತದೆ. ನೆಲಗಪ್ಪೆಗಳನ್ನು ವರ್ಗೀಕರಿಸಹೊರಟ ವಿಜ್ಞಾನಿಗಳ ಪಾಡೂ ಹೆಚ್ಚುಕಡಿಮೆ ಹೀಗೆಯೇ ಆಯಿತು.

ಸ್ವೀಡನ್ ದೇಶದ ಲಿನೇಯಸನು ೧೭೫೮ರಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು. ಮೊದಲ ಪದ ಜಾತಿಯದು, ಎರಡನೆಯದು ಪ್ರಭೇದದ್ದು. ಮನೆತನದ ಹೆಸರೂ ವ್ಯಕ್ತಿಯ ಹೆಸರೂ ಕೂಡಿದಂತೆ ಇದು. ಲಿನೇಯಸನು ಕಪ್ಪೆ, ನೆಲಗಪ್ಪೆ ಎಂಬ ಭೇದವೆಣಿಸದೆ ಎಲ್ಲವನ್ನೂ ರಾನಾ ಎಂಬ ಒಂದೇ ಜಾತಿಗೆ ಸೇರಿಸಿದ್ದನು. ಹತ್ತೇ ವರ್ಷಗಳಲ್ಲಿ ನೆಲಗಪ್ಪೆಗಳಿಗೆ ಬೂಫೊ ಎಂಬ ಬೇರೆ ಜಾತಿನಾಮ ಬಳಕೆಗೆ ಬಂದಿತು. ಜರ್ಮನಿಯ ಪಂಡಿತ ಷ್ನೈಡರನು ೧೭೯೯ರಲ್ಲಿ ಭಾರತದಿಂದ ಹೋದ ಮಾದರಿಗಳನ್ನು ನೋಡಿ ನಮ್ಮ ನೆಲಗಪ್ಪೆಯನ್ನು ಬೂಫೊ ಮೆಲನೊಸ್ಟಿಕ್ಟಸ್ ಎಂದು ಕರೆದನು. ಮೆಲನೊಸ್ಟಿಕ್ಟಸ್ ಎಂದರೆ ಕಪ್ಪು ಚುಕ್ಕೆಗಳುಳ್ಳದ್ದು. ಬೆನ್ನಿನ ಗಂಟುಗಳನ್ನು ನೋಡಿದವರಿಗೆ ಹೆಸರಿನ ಔಚಿತ್ಯ ತಾನೇ ತಿಳಿಯುತ್ತದೆ.

ಮುಂದೆ ಇನ್ನೂರು ವರ್ಷಗಳ ಕಾಲ ಬೂಫೊ ಎಂಬುದು ಒಂದು ದೊಡ್ಡ ಛತ್ರವಾಯಿತು. ಯೂರೋಪಿನ ನೆಲಗಪ್ಪೆ, ಅಮೆರಿಕದ ನೆಲಗಪ್ಪೆ, ಆಫ್ರಿಕದ ನೆಲಗಪ್ಪೆ, ನಮ್ಮ ನೆಲಗಪ್ಪೆ ಎಲ್ಲವೂ ಅಲ್ಲಿಯೇ ತಂಗಿದವು. ಗಂಟುಮೈ, ಗಿಡ್ಡ ಕಾಲು, ಕಿವಿಯ ಹಿಂದಿನ ಗ್ರಂಥಿ, ಇಷ್ಟಿದ್ದರೆ ಅದು ಬೂಫೊ. ೨೦೦೬ರಲ್ಲಿ ಅಮೆರಿಕದ ಡ್ಯಾರೆಲ್ ಫ್ರಾಸ್ಟ್ ಮತ್ತು ಅವರ ಸಂಗಡಿಗರು ಜಗತ್ತಿನ ಉಭಯವಾಸಿಗಳ ವಂಶವೃಕ್ಷವನ್ನು ಹೊಸದಾಗಿ ರಚಿಸಿದಾಗ ಈ ಛತ್ರವನ್ನು ಒಡೆದು ಹಲವು ಮನೆಗಳನ್ನಾಗಿ ಮಾಡಿದರು. ದಕ್ಷಿಣ ಏಷ್ಯದ ನೆಲಗಪ್ಪೆಗಳ ಒಂದು ಗುಂಪಿಗೆ ಡಟ್ಟಾಫ್ರೈನಸ್ ಎಂಬ ಹೆಸರು ಬಂದಿತು. ಒಡಿಶಾದ ಉಭಯವಾಸಿ ತಜ್ಞ ಸುಶೀಲ್ ಕುಮಾರ್ ದತ್ತಾ ಅವರ ಹೆಸರೂ ಗ್ರೀಕ್ ಭಾಷೆಯಲ್ಲಿ ನೆಲಗಪ್ಪೆಗಿರುವ ಪದವೂ ಕೂಡಿ ಆದ ಹೆಸರಿದು. ಹೀಗೆ ಹೆಬ್ಬಾಳದ ಕೆರೆಯಂಚಿನ ಪ್ರಾಣಿ ಇಂದು ಡಟ್ಟಾಫ್ರೈನಸ್ ಮೆಲನೊಸ್ಟಿಕ್ಟಸ್ ಎನಿಸಿಕೊಂಡಿದೆ. ಅದರ ಗುಟುರಿನಲ್ಲಿ ಮಾತ್ರ ಯಾವ ವ್ಯತ್ಯಾಸವೂ ಆಗಿಲ್ಲ!

ಹೆಸರುಗಳು ಹೀಗೆ ಬದಲಾಗುವುದನ್ನು ಕಂಡು ಬೇಸರಪಡಬೇಕಾಗಿಲ್ಲ. ಹೆಬ್ಬಾಳವೆಂಬ ಹೆಸರೇ ಮೊದಲು ಹೀಗಿರಲಿಲ್ಲ. ಗಂಗರ ದೊರೆ ಶ್ರೀಪುರುಷನ ಕಾಲದ, ಎಂದರೆ ಕ್ರಿಸ್ತಶಕ ಎಂಟನೆಯ ಶತಮಾನದ, ಒಂದು ವೀರಗಲ್ಲು ೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ದೊರೆಯಿತು. ಕಿತ್ತಯ್ಯನೆಂಬ ವೀರನ ಸ್ಮರಣೆಗೆ ನಿಲ್ಲಿಸಿದ ಆ ಕಲ್ಲಿನಲ್ಲಿ ಈ ಸೀಮೆಯನ್ನು ಪೆರ್ಬೊಳಲ್ ನಾಡು ಎಂದು ಕರೆಯಲಾಗಿದೆ. ಪಕಾರವು ಹಕಾರವಾಗಿ, ಕೊನೆಯ ಅಕ್ಷರಗಳು ಸವೆದು ಹೆಬ್ಬಾಳವಾಯಿತು. ಕಲ್ಲು ಉಳಿದಿದ್ದುದರಿಂದ ನಮಗೆ ಈ ಸಂಗತಿ ತಿಳಿಯಿತು. ಪ್ರಾಣಿಗಳ ಹೆಸರಿನ ವಿಷಯದಲ್ಲಿಯೂ ಇಂತಹ ಶಿಲಾಶಾಸನದಂತಿರುವ ವಸ್ತುವೊಂದುಂಟು. ಅದಕ್ಕೆ ಮೂಲಮಾದರಿ ಎನ್ನುತ್ತಾರೆ.

ಹೊಸ ಪ್ರಭೇದವೊಂದಕ್ಕೆ ಹೆಸರಿಡುವಾಗ ವಿಜ್ಞಾನಿಯು ತಾನು ಪರೀಕ್ಷಿಸಿದ ಒಂದು ಪ್ರಾಣಿಯನ್ನು ಮದ್ಯಸಾರ ತುಂಬಿದ ಜಾಡಿಯಲ್ಲಿ ಕೆಡದಂತೆ ಇಟ್ಟು, ಈ ಹೆಸರು ಸಲ್ಲುವುದು ಇದಕ್ಕೆ ಎಂದು ಗೊತ್ತುಮಾಡುತ್ತಾನೆ. ಮುಂದೆ ಎಷ್ಟೇ ವಾದವಿವಾದಗಳು ಬರಲಿ, ಎಲ್ಲರೂ ಹಿಂದಿರುಗಿ ಬಂದು ಆ ಜಾಡಿಯನ್ನು ನೋಡಬೇಕು. ಬರಹದಲ್ಲಿರುವ ವರ್ಣನೆ ಎಷ್ಟು ಚೆನ್ನಾಗಿದ್ದರೂ ಅದು ಬರೆದವನ ಕಣ್ಣಿಗೆ ಕಂಡಷ್ಟೇ. ಅವನು ಎಣಿಸದೆ ಬಿಟ್ಟ ಗಂಟನ್ನು, ಅಳೆಯದೆ ಬಿಟ್ಟ ಬೆರಳನ್ನು ಮುಂದಿನವನು ನೋಡಬೇಕೆಂದರೆ ಮಾದರಿಯೇ ಬೇಕು.

ಇದರ ಬೆಲೆ ಎಷ್ಟೆಂಬುದಕ್ಕೆ ನಮ್ಮ ಬಯಲುಸೀಮೆಯಲ್ಲಿಯೂ ಇರುವ ಇನ್ನೊಂದು ಚಿಕ್ಕ ನೆಲಗಪ್ಪೆಯ ಕಥೆ ಸಾಕ್ಷಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಈ ಪ್ರಾಣಿಯನ್ನು ಎಷ್ಟೋ ಜನ ದೊಡ್ಡ ನೆಲಗಪ್ಪೆಯ ಮರಿಯೆಂದೇ ತಿಳಿಯುತ್ತಾರೆ. ಷ್ನೈಡರನು ಅದೇ ೧೭೯೯ರಲ್ಲಿ ಬೂಫೊ ಸ್ಕೇಬರ್, ಎಂದರೆ ಒರಟು ಮೈಯ ನೆಲಗಪ್ಪೆ, ಎಂಬ ಇನ್ನೊಂದು ಹೆಸರನ್ನು ಕೊಟ್ಟಿದ್ದನು. ಅದು ಯಾವ ಕಪ್ಪೆಗೆ ಸಲ್ಲತಕ್ಕದ್ದೆಂಬುದು ಕ್ರಮೇಣ ಮಸುಕಾಯಿತು. ೧೮೯೨ರಲ್ಲಿ ಲಂಡನ್ನಿನ ವಿಜ್ಞಾನಿ ಬೌಲೆಂಜರ್, ತಿರುವಾಂಕೂರಿನಲ್ಲಿದ್ದ ಫರ್ಗ್ಯುಸನ್ ಎಂಬವರ ಗೌರವಾರ್ಥವಾಗಿ ಒಂದು ಚಿಕ್ಕ ನೆಲಗಪ್ಪೆಗೆ ಬೂಫೊ ಫರ್ಗ್ಯುಸೊನಿ ಎಂದು ಹೆಸರಿಟ್ಟರು. ನೂರು ವರ್ಷಗಳ ಕಾಲ ಪುಸ್ತಕಗಳಲ್ಲಿ ಅದೇ ಹೆಸರು ನಡೆಯಿತು. ೧೯೯೯ರಲ್ಲಿ ಡ್ಯುಬಾ ಮತ್ತು ಓಹ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಹಳೆಯ ಮೂಲಮಾದರಿಗಳನ್ನು ಹುಡುಕಿ ಪುನಃ ಪರೀಕ್ಷಿಸಿದಾಗ ಸ್ಕೇಬರ್ ಮತ್ತು ಫರ್ಗ್ಯುಸೊನಿ ಒಂದೇ ಪ್ರಾಣಿಯೆಂದು ಸಿದ್ಧವಾಯಿತು. ಮೊದಲು ಇಟ್ಟ ಹೆಸರಿಗೆ ಮನ್ನಣೆ ಎಂಬುದು ಪ್ರಾಣಿಶಾಸ್ತ್ರದ ನಿಯಮ. ಅದರಂತೆ ಇಂದು ಅದು ಡಟ್ಟಾಫ್ರೈನಸ್ ಸ್ಕೇಬರ್. ಷ್ನೈಡರನು ಹೆಸರಿಟ್ಟು ಆಗಲೇ ಇನ್ನೂರು ವರ್ಷಗಳು ಸಂದಿದ್ದವು!

ಇನ್ನು ಬಯಲುಸೀಮೆಯನ್ನು ಬಿಟ್ಟು ಪಡುವಣದ ಘಟ್ಟಗಳ ಕಡೆಗೆ ಹೋಗೋಣ. ನೆಲಗಪ್ಪೆಗಳ ವರ್ಗೀಕರಣದ ಅತ್ಯಂತ ಸ್ವಾರಸ್ಯದ ಭಾಗ ಅಲ್ಲಿದೆ.

ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಕರ್ನಲ್ ಬೆಡ್ಡೋಮ್ ದಕ್ಷಿಣದ ಬೆಟ್ಟಗಳಿಂದ ಗಿಡಮರಗಳನ್ನೂ ಹಾವುಹಲ್ಲಿಗಳನ್ನೂ ಕಪ್ಪೆಗಳನ್ನೂ ಸಂಗ್ರಹಿಸುತ್ತಿದ್ದರು. ಹೀಗೆ ಲಂಡನ್ನಿಗೆ ಹೋದ ಸಂಗ್ರಹಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದ ಗುಂಥರ್ ಪರೀಕ್ಷಿಸಿದರು. ಅವುಗಳಲ್ಲಿ ಕೊಡಗಿನ ಬ್ರಹ್ಮಗಿರಿಯ ಒಂದು ಪುಟ್ಟ ಕಪ್ಪೆಯಿತ್ತು. ನೀಳವಾದ ಕೈಕಾಲು, ಸಪೂರ ದೇಹ, ಕಪ್ಪು ಮೈಯ ಕೆಳಭಾಗದಲ್ಲಿ ಉಜ್ಜ್ವಲ ವರ್ಣದ ಮಚ್ಚೆಗಳು. ವಾಸ ಬಂಡೆಗಳ ನಡುವೆ ಧುಮುಕುವ ತೊರೆಗಳ ಬಳಿ. ನೆಲಗಪ್ಪೆಯ ಬಳಗವೆಂದು ನಂಬುವುದೇ ಕಷ್ಟ. ಮಲಯ ದೇಶದ ತೊರೆಗಳಲ್ಲಿ ಇಂತಹ ಸಪೂರ ನೆಲಗಪ್ಪೆಗಳಿರುವುದು ಆಗಲೇ ತಿಳಿದಿತ್ತು. ಅವುಗಳ ಜಾತಿಗೆ ಆನ್ಸೋನಿಯಾ ಎಂದು ಹೆಸರಾಗಿತ್ತು. ಗುಂಥರ್ ಬ್ರಹ್ಮಗಿರಿಯ ಕಪ್ಪೆಯನ್ನೂ ಅದೇ ಜಾತಿಗೆ ಸೇರಿಸಿ ಆನ್ಸೋನಿಯಾ ಆರ್ನೇಟಾ, ಎಂದರೆ ಅಲಂಕೃತವಾದದ್ದು, ಎಂದು ೧೮೭೬ರಲ್ಲಿ ಪ್ರಕಟಿಸಿದರು.

ಅದೇ ಕಾಲದಲ್ಲಿ ಗುಂಥರ್ ಇನ್ನೊಂದು ವಿಚಿತ್ರ ಪ್ರಾಣಿಯನ್ನು ವರ್ಣಿಸಿದರು. ಅದು ಮರವೇರುವ ನೆಲಗಪ್ಪೆ. ನೆಲಗಪ್ಪೆ ಮರದ ಮೇಲಿರುವುದೆಂದರೆ ಮಾತಿನಲ್ಲಿಯೇ ವಿರೋಧವಿದೆ. ಆದರೆ ಪ್ರಕೃತಿ ನಮ್ಮ ಮಾತುಗಳಿಗೆ ಕಟ್ಟುಬೀಳುವುದಿಲ್ಲ. ಅದರ ಬೆರಳ ತುದಿಗಳು ಎಲೆಗಳನ್ನು ಹಿಡಿಯಲು ಅನುಕೂಲವಾಗುವಂತೆ ಅಗಲವಾಗಿವೆ. ಮುಂಗಾರು ಆರಂಭವಾಗುವ ದಿನಗಳಲ್ಲಿ ಗಂಡುಗಳು ತೊರೆಯ ಬದಿಯ ಗಿಡಗಳ ಎಲೆಗಳ ಮೇಲೆ ಕುಳಿತು ಕೂಗುತ್ತವೆ; ಮೊಟ್ಟೆಯಿಡಲು ಜೋಡಿಗಳು ನೀರಿಗೆ ಇಳಿದು ಬರುತ್ತವೆ. ಆಮೇಲೆ ಅವು ಕಾಣಸಿಗುವುದು ಅಪರೂಪ. ನಮ್ಮ ರಾಜ್ಯದ ಮಲೆನಾಡಿನ ಕಾಡುಗಳಲ್ಲಿಯೂ ಇದು ದೊರೆತಿದೆ. ಇದರ ಹೆಸರು ಪೆಡೊಸ್ಟಿಬೆಸ್ ಟ್ಯೂಬರ್ಕ್ಯುಲೋಸಸ್. ಬೋರ್ನಿಯೊ ಮತ್ತು ಮಲಯದ ಕಾಡುಗಳಲ್ಲಿಯೂ ಮರವೇರುವ ನೆಲಗಪ್ಪೆಗಳು ಕಂಡುಬಂದಾಗ ಅವನ್ನೂ ಪೆಡೊಸ್ಟಿಬೆಸ್ ಜಾತಿಗೇ ಸೇರಿಸಿಬಿಟ್ಟರು.

ಈಗ ಒಂದು ಪ್ರಶ್ನೆ ಏಳುತ್ತದೆ. ಕೊಡಗಿನ ತೊರೆಯ ಕಪ್ಪೆಗೂ ಮಲಯದ ತೊರೆಯ ಕಪ್ಪೆಗೂ, ಮಲೆನಾಡಿನ ಮರಗಪ್ಪೆಗೂ ಬೋರ್ನಿಯೊದ ಮರಗಪ್ಪೆಗೂ ನಡುವೆ ಸಾವಿರಾರು ಮೈಲಿಗಳ ನೆಲವೂ ಕಡಲೂ ಇವೆ. ಇಷ್ಟು ದೂರದಲ್ಲಿ ಸೋದರರು ಹೇಗೆ ಹಂಚಿಹೋದರು? ಅಥವಾ ಅವು ಸೋದರರೇ ಅಲ್ಲವೋ?

ಬಾವಲಿಗೆ ರೆಕ್ಕೆಯಿದೆ, ಪಾರಿವಾಳಕ್ಕೂ ರೆಕ್ಕೆಯಿದೆ. ಹಾಗೆಂದು ಬಾವಲಿಯನ್ನು ಹಕ್ಕಿಯೆನ್ನುವವರು ಇಂದು ಯಾರೂ ಇಲ್ಲ. ಹಾರುವ ಬದುಕು ಎರಡಕ್ಕೂ ಬೇರೆಬೇರೆಯಾಗಿ ರೆಕ್ಕೆಯನ್ನು ಒದಗಿಸಿತು. ಒಂದೇ ಬಗೆಯ ಬದುಕು ಬೇರೆ ವಂಶದವರನ್ನು ಒಂದೇ ರೂಪಕ್ಕೆ ತರುತ್ತದೆ. ರಭಸದ ತೊರೆಯ ಬಂಡೆಗಳಲ್ಲಿ ಬಾಳುವ ಪ್ರಾಣಿಗೆ ಸಪೂರ ಮೈಯೂ ನೀಳ ಕಾಲೂ ಒಳ್ಳೆಯದು. ಎಲೆಯ ಮೇಲೆ ಕೂರುವುದಕ್ಕೆ ಅಗಲ ಬೆರಳು ಬೇಕು. ಹೊರರೂಪವನ್ನಷ್ಟೇ ನೋಡುವವನಿಗೆ ಇದು ರಕ್ತಸಂಬಂಧದಂತೆ ತೋರುತ್ತದೆ. ಹಿಂದಿನ ವಿಜ್ಞಾನಿಗಳ ಕೈಯಲ್ಲಿದ್ದುದು ಚಿಮಟ, ಅಳತೆಗೋಲು ಮತ್ತು ಭೂತಗನ್ನಡಿ. ಜೀವಕೋಶಗಳಲ್ಲಿರುವ ಡಿಎನ್ಎ ಎಂಬ ವಂಶದ್ರವ್ಯವನ್ನು ಓದುವ ವಿದ್ಯೆ ಬಂದ ಮೇಲೆ ಕಥೆಯೇ ಬೇರೆಯಾಯಿತು. ಈ ದ್ರವ್ಯದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತಾ ಹೋಗುತ್ತವೆ. ಎರಡು ಪ್ರಾಣಿಗಳ ನಡುವೆ ಅಂತಹ ವ್ಯತ್ಯಾಸಗಳು ಹೆಚ್ಚಾದಷ್ಟೂ ಅವು ಕವಲೊಡೆದು ಹೆಚ್ಚು ಕಾಲವಾಗಿದೆಯೆಂದು ಊಹಿಸಬಹುದು.

೨೦೦೯ರಲ್ಲಿ ಎಸ್. ಡಿ. ಬಿಜು ಮತ್ತು ಅವರ ಸಹೋದ್ಯೋಗಿಗಳು ಘಟ್ಟದ ನೆಲಗಪ್ಪೆಗಳನ್ನು ಈ ರೀತಿ ಪರೀಕ್ಷಿಸಿದರು. ಬ್ರಹ್ಮಗಿರಿಯ ಅಲಂಕೃತ ಕಪ್ಪೆಗೂ ಮಲಯದ ಆನ್ಸೋನಿಯಾಗಳಿಗೂ ಹತ್ತಿರದ ಸಂಬಂಧವಿಲ್ಲವೆಂದು ತಿಳಿಯಿತು. ಅದನ್ನೂ, ಕೇರಳದ ಸೈಲೆಂಟ್ ವ್ಯಾಲಿಯಿಂದ ೧೯೮೧ರಲ್ಲಿ ವರ್ಣಿತವಾಗಿದ್ದ ಅದರ ಒಡಹುಟ್ಟನ್ನೂ ಘಾಟೊಫ್ರೈನೆ ಎಂಬ ಹೊಸ ಜಾತಿಯಲ್ಲಿಟ್ಟರು. ನಮ್ಮ ಘಾಟಿಯೇ ಆ ಹೆಸರಿನಲ್ಲಿ ಕುಳಿತಿದೆ. ಮಹಾರಾಷ್ಟ್ರದ ಕೊಯ್ನಾ ಕಣಿವೆಯ ಒಂದು ಕಪ್ಪೆಗೂ, ಬೆಳಗಾವಿಯಿಂದ ಸಾವಂತವಾಡಿಗೆ ಹೋಗುವ ದಾರಿಯಲ್ಲಿರುವ ಅಂಬೋಲಿಯ ಹಳದಿ ಪಟ್ಟೆಗಳ ಕಪ್ಪೆಗೂ ಜಾಂಥೊಫ್ರೈನೆ ಎಂಬ ಇನ್ನೊಂದು ಜಾತಿಯನ್ನು ಕಲ್ಪಿಸಿದರು. ೨೦೧೬ರಲ್ಲಿ ಮರವೇರುವವುಗಳ ಸರದಿ ಬಂದಿತು. ಬೋರ್ನಿಯೊ ಮತ್ತು ಮಲಯದ ಕೆಲವು ಮರಗಪ್ಪೆಗಳಿಗೆ ರೆಂಟಾಪಿಯಾ ಎಂಬ ಬೇರೆ ಜಾತಿ ಏರ್ಪಟ್ಟಿತು. ಪೆಡೊಸ್ಟಿಬೆಸ್ ಎಂಬ ಹೆಸರು ಘಟ್ಟದ ಕಪ್ಪೆಗೇ ಉಳಿಯಿತು. ಆ ಜಾತಿ ಮೊದಲು ಏರ್ಪಟ್ಟದ್ದೇ ಅದಕ್ಕಾಗಿ.

ಇದರಿಂದ ತಿಳಿದ ದೊಡ್ಡ ಸಂಗತಿ ಏನೆಂದರೆ, ಘಟ್ಟದ ತೊರೆಯ ಕಪ್ಪೆಯೂ ಮರದ ಕಪ್ಪೆಯೂ ದೂರದ ಮಲಯದ ಕಪ್ಪೆಗಳಿಗಿಂತ ಹೆಬ್ಬಾಳದ ನೆಲಗಪ್ಪೆಯ ಬಳಗಕ್ಕೇ ಹತ್ತಿರ. ಭಾರತದ ಭೂಖಂಡವು ತೇಲಿಬಂದು ಏಷ್ಯಕ್ಕೆ ತಗಲಿದ ಮೇಲೆ ನೆಲಗಪ್ಪೆಗಳ ಪೂರ್ವಜರು ಆ ಕಡೆಯಿಂದ ಇಲ್ಲಿಗೆ ಬಂದವು. ಇಲ್ಲಿ ಸಿಕ್ಕ ಬಯಲು, ತೊರೆ, ಮರ, ಬಂಡೆಗಳಿಗೆ ತಕ್ಕಂತೆ ಬೇರೆಬೇರೆ ರೂಪ ತಾಳಿದವು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಒಂದೇ ತಾಯಿಯ ಮಕ್ಕಳು ಒಬ್ಬ ರೈತ, ಒಬ್ಬ ಅಂಬಿಗ, ಒಬ್ಬ ಮರವೇರುವವನಾದಂತೆ ಇದು.

ಇಲ್ಲಿಗೂ ತಕ್ಕಡಿಯ ಕಪ್ಪೆಗಳು ಸುಮ್ಮನಾಗಲಿಲ್ಲ. ೨೦೦೯ರ ಆ ಲೇಖನ ಕಾಗದದ ಮೇಲೆ ಅಚ್ಚಾಗದೆ ಗಣಕಯಂತ್ರದ ಮೂಲಕ ಮಾತ್ರ ಪ್ರಕಟವಾಗಿತ್ತು. ಅಂದಿನ ನಿಯಮದಂತೆ ಅಂತಹ ಪ್ರಕಟಣೆಗೆ ಹೆಸರಿಡುವ ಅಧಿಕಾರವಿರಲಿಲ್ಲ. ನಿಯಮ ಸಡಿಲವಾದದ್ದು ೨೦೧೨ರಲ್ಲಿ. ಈ ಲೋಪವನ್ನೆತ್ತಿ ೨೦೨೧ರಲ್ಲಿ ಡ್ಯುಬಾ ಮತ್ತು ಸಂಗಡಿಗರು ಘಾಟೊಫ್ರೈನೆಗೆ ಬದಲಾಗಿ ಬ್ಲೈರಾ ಎಂದೂ, ಜಾಂಥೊಫ್ರೈನೆಗೆ ಬದಲಾಗಿ ಬೇಡುಕಾ ಎಂದೂ ಹೊಸ ಹೆಸರುಗಳನ್ನಿತ್ತರು. ಮರಾಠಿಯಲ್ಲಿ ಕಪ್ಪೆಗೆ ಬೇಡೂಕ ಎನ್ನುತ್ತಾರೆಂಬುದನ್ನು ಇಲ್ಲಿ ನೆನೆಯಬಹುದು. ಹಳೆಯ ಹೆಸರೂ ಹೊಸ ಹೆಸರೂ ಬರಹಗಳಲ್ಲಿ ಕಾಣಸಿಗುತ್ತವೆ. ಇಂತಹ ಜಗಳಗಳಲ್ಲಿ ಕಪ್ಪೆಗಳಿಗಿಂತ ಪಂಡಿತರ ಸದ್ದೇ ಹೆಚ್ಚೆಂದು ನಿಮಗೆ ತೋರಿದರೆ ಅದು ತೀರ ತಪ್ಪಲ್ಲ.

ಆದರೆ ಯಾವ ಕಪ್ಪೆ ಯಾವುದೆಂದು ತಿಳಿಯುವುದು ಕೇವಲ ಪಂಡಿತರ ವಿನೋದವೆಂದು ಭಾವಿಸಬಾರದು. ಮಡಗಾಸ್ಕರ್ ದ್ವೀಪದಲ್ಲಿ ನೂರಾರು ಬಗೆಯ ಕಪ್ಪೆಗಳಿದ್ದರೂ ನೆಲಗಪ್ಪೆಗಳ ಕುಟುಂಬದ ಒಂದೂ ಇರಲಿಲ್ಲ. ಅಲ್ಲಿನ ತೊಮಾಸಿನಾ ಎಂಬ ಬಂದರಿನ ಸುತ್ತಮುತ್ತ ನಮ್ಮ ಹೆಬ್ಬಾಳದಲ್ಲಿರುವಂತಹುದೇ ಕಪ್ಪುಚುಕ್ಕೆಯ ನೆಲಗಪ್ಪೆಗಳು ನೆಲೆಸಿರುವುದು ೨೦೧೪ರಲ್ಲಿ ಜಗತ್ತಿಗೆ ತಿಳಿಯಿತು. ಸರಕಿನೊಡನೆ ಹಡಗಿನಲ್ಲಿ ಬಂದಿರಬೇಕು. ನಮ್ಮಲ್ಲಿ ಅದನ್ನು ತಿಂದು ಜೀರ್ಣಿಸಿಕೊಳ್ಳುವ ಹಾವುಗಳಿವೆ; ಕೇರೆಹಾವಿಗೆ ಅದು ಆಹಾರ. ಮಡಗಾಸ್ಕರಿನ ಹಾವುಗಳೂ ಇತರ ಬೇಟೆಗಾರ ಪ್ರಾಣಿಗಳೂ ಈ ವಿಷವನ್ನು ಎಂದೂ ಕಂಡವಲ್ಲ. ಅವುಗಳಲ್ಲಿ ಬಹುಪಾಲಿಗೆ ಅದನ್ನು ತಾಳುವ ಶಕ್ತಿಯಿಲ್ಲವೆಂದು ೨೦೧೮ರಲ್ಲಿ ಪ್ರಕಟವಾದ ಪರಿಶೋಧನೆ ತಿಳಿಸಿತು. ಇಲ್ಲಿ ರೈತನ ಮಿತ್ರನಾದ ಪ್ರಾಣಿ ಅಲ್ಲಿ ಕಂಟಕವಾಗಿದೆ.

ಅದು ಎಲ್ಲಿಂದ ಬಂದಿತೆಂದು ಕಂಡುಹಿಡಿಯುವುದು ಹೇಗೆ? ಪಾಕಿಸ್ತಾನದಿಂದ ಇಂಡೋನೇಷ್ಯದವರೆಗೆ ಈ ಕಪ್ಪೆಗೆ ಒಂದೇ ಹೆಸರು. ಆದರೆ ಆ ಒಂದು ಹೆಸರಿನ ಕೆಳಗೆ ಬಹುಕಾಲದಿಂದ ಬೇರ್ಪಟ್ಟ ಹಲವು ಕವಲುಗಳಿವೆಯೆಂದು ೨೦೧೬ರ ಅಧ್ಯಯನವೊಂದು ತೋರಿಸಿತು. ಮಡಗಾಸ್ಕರಿನ ಕಪ್ಪೆಗಳ ವಂಶದ್ರವ್ಯವನ್ನು ಈ ಕವಲುಗಳೊಂದಿಗೆ ಹೋಲಿಸಿದಾಗ ಅವು ಭಾರತದವಲ್ಲ, ವಿಯೆಟ್ನಾಂ ಮತ್ತು ಕಾಂಬೋಡಿಯದ ಕಡೆಯವು ಎಂದು ಗೊತ್ತಾಯಿತು. ಎಲ್ಲಿಂದ ಬರುವ ಸರಕನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕೆಂಬುದಕ್ಕೆ ಇದೇ ಸುಳಿವು. ಮುಂದೆ ಎಂದಾದರೂ ಈ ಕವಲುಗಳಿಗೆ ಬೇರೆಬೇರೆ ಹೆಸರುಗಳನ್ನು ಕೊಡಬೇಕಾದರೆ, ಮೆಲನೊಸ್ಟಿಕ್ಟಸ್ ಎಂಬ ಹಳೆಯ ಹೆಸರಿಗೆ ಹಕ್ಕುದಾರರು ಯಾರೆಂಬ ಪ್ರಶ್ನೆಯೂ ಏಳುತ್ತದೆ. ಷ್ನೈಡರನ ಕಪ್ಪೆ ಭಾರತದಿಂದ ಹೋದದ್ದಾದುದರಿಂದ ಆ ಹಕ್ಕು ನಮ್ಮ ಕಡೆಯ ಕಪ್ಪೆಗೇ ಸಲ್ಲಬೇಕಾದೀತು.

ಈಗ ಹೆಬ್ಬಾಳಕ್ಕೆ ಕೆಲವೇ ಮೈಲಿ ದೂರದಲ್ಲಿರುವ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕಡೆ ತಿರುಗೋಣ. ಅಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಸಿ. ಆರ್. ನಾರಾಯಣರಾಯರು. ೧೯೩೨ರಲ್ಲಿ ಬೆಂಗಳೂರಿನಿಂದ ಹೊರಡತೊಡಗಿದ ಕರೆಂಟ್ ಸೈನ್ಸ್ ಎಂಬ ಪ್ರಸಿದ್ಧ ವಿಜ್ಞಾನ ಪತ್ರಿಕೆಯ ಮೊದಲ ಸಂಪಾದಕರು ಇವರೇ. ವಿದೇಶೀಯರೇ ನಮ್ಮ ಕಪ್ಪೆಗಳಿಗೆ ಹೆಸರಿಡುತ್ತಿದ್ದ ಕಾಲದಲ್ಲಿ ಇವರು ತಾವೇ ಮಲೆನಾಡಿನ ಕಪ್ಪೆಗಳನ್ನು ತರಿಸಿ, ಪರೀಕ್ಷಿಸಿ, ಇಲ್ಲಿಯೇ ಮಾದರಿಗಳ ಸಂಗ್ರಹವೊಂದನ್ನು ಕಟ್ಟಿದರು. ೧೯೩೭ರಲ್ಲಿ ದಕ್ಷಿಣ ಭಾರತದ ಹಲವಾರು ಹೊಸ ಕಪ್ಪೆಗಳನ್ನು ಒಂದೇ ಲೇಖನದಲ್ಲಿ ವರ್ಣಿಸಿದರು. ಪೊದೆಗಳಲ್ಲಿ ವಾಸಿಸುವ ಪುಟ್ಟ ಕಪ್ಪೆಗಳ ಒಂದು ಜಾತಿಗೆ ೨೦೧೦ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿರುವುದು ಇವರ ಗೌರವಾರ್ಥವಾಗಿ.

ಆ ಲೇಖನದಲ್ಲಿ ಒಂದು ನೆಲಗಪ್ಪೆಯೂ ಇದೆ. ಹಾಸನ ಜಿಲ್ಲೆಯ ಸಕಲೇಶಪುರದ ಕೆಳಗೆ, ಶಿರಾಡಿ ಘಾಟಿಯ ಕಾಡುಗಳಲ್ಲಿ ಹರಿಯುವ ಕೆಂಪುಹೊಳೆಯ ಪ್ರದೇಶದಿಂದ ದೊರೆತದ್ದು. ರಾಯರು ಅದಕ್ಕೆ ಬೂಫೊ ಬ್ರೆವಿರಾಸ್ಟ್ರಿಸ್, ಎಂದರೆ ಗಿಡ್ಡ ಮೂತಿಯ ನೆಲಗಪ್ಪೆ, ಎಂದು ಹೆಸರಿಟ್ಟರು. ಇಂದಿನ ಪಟ್ಟಿಗಳಲ್ಲಿ ಅದು ಡಟ್ಟಾಫ್ರೈನಸ್ ಬ್ರೆವಿರಾಸ್ಟ್ರಿಸ್. ಕನ್ನಡನಾಡಿನ ನೆಲದಿಂದ, ಬೆಂಗಳೂರಿನ ಕಾಲೇಜೊಂದರಿಂದ ಜಗತ್ತಿನ ಪಟ್ಟಿಗೆ ಸೇರಿದ ನೆಲಗಪ್ಪೆ ಇದು.

ದುಃಖದ ವಿಷಯವೆಂದರೆ ಸೆಂಟ್ರಲ್ ಕಾಲೇಜಿನಲ್ಲಿದ್ದ ರಾಯರ ಮಾದರಿಗಳು ಇಂದು ಇಲ್ಲ. ಕಾಲಾಂತರದಲ್ಲಿ ಅವು ನಷ್ಟವಾದವು. ೧೭೯೯ರ ಷ್ನೈಡರನ ಹೆಸರುಗಳನ್ನು ಇನ್ನೂರು ವರ್ಷಗಳ ಮೇಲೆ ಮಾದರಿಗಳ ಬಲದಿಂದ ಇತ್ಯರ್ಥಪಡಿಸಿದರು. ೧೯೩೭ರ ನಾರಾಯಣರಾಯರ ಕಪ್ಪೆಯನ್ನು ನೋಡೋಣವೆಂದರೆ ಜಾಡಿಯೇ ಇಲ್ಲ. ಉಳಿದಿರುವುದು ಹೆಸರು ಮತ್ತು ಅಚ್ಚಾದ ವರ್ಣನೆ. ಗಿಡ್ಡ ಮೂತಿಯ ಆ ಕಪ್ಪೆ ನಿಜವಾಗಿಯೂ ಬೇರೆ ಪ್ರಭೇದವೋ ಅಥವಾ ಎಲ್ಲೆಡೆಯೂ ಇರುವ ಕಪ್ಪುಚುಕ್ಕೆಯ ನೆಲಗಪ್ಪೆಯ ಒಂದು ರೂಪವೋ ಎಂದು ಯಾರಾದರೂ ಕೇಳಿದರೆ, ಎದುರಿಗಿಟ್ಟು ತೋರಿಸಲು ಏನೂ ಇಲ್ಲ. ಅದನ್ನು ಉಳಿಸಬೇಕೆಂದರೂ ಯಾವುದನ್ನು ಉಳಿಸಬೇಕೆಂಬುದು ಮೊದಲು ತಿಳಿದಿರಬೇಕಷ್ಟೆ.

ಇಷ್ಟಕ್ಕೇ ಆಸೆಯನ್ನು ಬಿಡಬೇಕಾಗಿಲ್ಲ. ರಾಯರು ಅದೇ ೧೯೩೭ರ ಲೇಖನದಲ್ಲಿ ಅದೇ ಕೆಂಪುಹೊಳೆಯಿಂದ ಇನ್ನೊಂದು ಪುಟ್ಟ ಕಪ್ಪೆಯನ್ನು ವರ್ಣಿಸಿ ಅದಕ್ಕೆ ಎಲೆಗನ್ಸ್, ಎಂದರೆ ಚೆಲುವಾದದ್ದು, ಎಂದು ಹೆಸರಿಟ್ಟಿದ್ದರು. ತೊರೆಯ ಬಂಡೆಗಳ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಕುಣಿಯುವ ಮಿಕ್ರಿಕ್ಸಾಲಸ್ ಎಂಬ ಜಾತಿಗೆ ಸೇರಿದ್ದು ಅದು. ಅದೂ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಣ್ಮರೆಯಾದ ಕಪ್ಪೆಗಳನ್ನು ಹುಡುಕಲು ದೇಶದಾದ್ಯಂತ ನಡೆದ ಪ್ರಯತ್ನದಲ್ಲಿ ಅದು ಪುನಃ ದೊರೆಯಿತೆಂಬ ಸುದ್ದಿ ೨೦೧೧ರಲ್ಲಿ ಪ್ರಕಟವಾಯಿತು.

ಮೂಲಮಾದರಿ ನಷ್ಟವಾದಾಗ, ಅದು ಮೊದಲು ದೊರೆತ ಸ್ಥಳದಿಂದಲೇ, ಮೂಲ ವರ್ಣನೆಗೆ ಹೊಂದುವ ಹೊಸ ಮಾದರಿಯೊಂದನ್ನು ಆರಿಸಿ ಆ ಸ್ಥಾನದಲ್ಲಿಡಲು ಪ್ರಾಣಿಶಾಸ್ತ್ರದ ನಿಯಮಗಳಲ್ಲಿ ಅವಕಾಶವಿದೆ. ಕೆಂಪುಹೊಳೆಯ ದಂಡೆಯಲ್ಲಿ, ಮಳೆಗಾಲದ ರಾತ್ರಿಗಳಲ್ಲಿ, ಕೈದೀಪ ಹಿಡಿದು ಹುಡುಕಬೇಕು. ಗಿಡ್ಡ ಮೂತಿಯದೊಂದು ಸಿಕ್ಕರೆ ರಾಯರು ಕೊಟ್ಟ ಅಳತೆಗಳೊಡನೆ ಹೋಲಿಸಬೇಕು. ಅದರ ವಂಶದ್ರವ್ಯವನ್ನು ಹೆಬ್ಬಾಳದ ನೆಲಗಪ್ಪೆಯ ವಂಶದ್ರವ್ಯದ ಪಕ್ಕದಲ್ಲಿಟ್ಟು ನೋಡಬೇಕು. ಕೊನೆಗೆ ಅದನ್ನು ಕೆಡದಂತೆ ಕಾಪಾಡುವ ಒಂದು ಜಾಡಿಯಲ್ಲಿ, ಸ್ಥಳ, ದಿನಾಂಕಗಳ ಚೀಟಿಯೊಡನೆ ಇಡಬೇಕು.